ಚೆರ್ರಿ ಹಲಗೆ, ಹಳೆಯ ಈಡು

ಕೋಲ್ಡ್ ಸ್ಪ್ರಿಂಗ್ ಕಣಿವೆ, ಟೆನ್ನೆಸೀ
ಜನವರಿ ೧೦, ೧೯೨೭

ತಮ್ಮ ಟಾಲಿವರ್,

ಅಮ್ಮ ಹೋದಳು. ಕ್ರಿಸ್‌ಮಸ್ ಹಿಂದಿನ ವಾರ. ಎದೆಯಲ್ಲಿ ಕಫ ಕಟ್ಟಿತ್ತು, ಕೊನೆಕೊನೆಗೆ ಉಸಿರಾಡುವುದೇ ಅವಳಿಗೆ ದೊಡ್ಡ ಕೆಲಸವಾಗಿತ್ತು. ನೆಲ ಹೆಪ್ಪುಗಟ್ಟಿ ಗುದ್ದಲಿ ಇಳಿಯಲಿಲ್ಲ. ನಿನ್ನ ಭಾವ ಲೇಫ್ ಮತ್ತು ನೆರೆಯವರು ಮೊದಲು ಬೆಂಕಿ ಹಾಕಿ ಮಣ್ಣು ಕಾಯಿಸಿ ಆಮೇಲೆ ತೋಡಿದರು. ನಮ್ಮ ಕಿರಿಯ ತಮ್ಮ ಆನ್ಸೆಲ್‌ನ ಪಕ್ಕದಲ್ಲೇ ಇಟ್ಟೆವು. ನಿನಗೆ ತಂತಿ ಕೊಡೋಣ ಅನ್ನಿಸಿತ್ತು. ಹತ್ತೊಂಬತ್ತು ವರ್ಷ ಬಾರದವನು ಈಗ ಬಂದಾನೆಯೇ ಎಂದು ಸುಮ್ಮನಾದೆ. ತಪ್ಪಾಗಿದ್ದರೆ ಬೈದುಬಿಡು, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ.

ಕಾಗದ ಬರೆಸುತ್ತಿರುವುದು ಇನ್ನೊಂದು ವಿಷಯಕ್ಕೆ. ಸಾಯುವ ಹಿಂದಿನ ದಿನ ಅಮ್ಮ ನನ್ನ ಕೈ ಹಿಡಿದುಕೊಂಡು, "ಅಟ್ಟದ ಮೇಲಿರೋ ಕೋವೀನ ಟಾಲಿವರ್‌ಗೆ ಕಳ್ಸು. ಆ ಚೆರ್ರಿ ಹಲಗೇನೂ ಕಳ್ಸು. ಅವನೇ ಹೊಸ ಹಿಡಿ ಮಾಡ್ಲಿ. ಬೇರೆ ಯಾವನೂ ಅದನ್ನ ಮುಟ್ಟಕೂಡ್ದು" ಅಂದಳು. ನನ್ನ ಕೈಯಲ್ಲಿದ್ದ ಚಮಚ ಗಂಜಿಯೊಳಗೆ ಬಿತ್ತು. ನೀನು ಹೋದ ಮೇಲೆ ಅವಳ ಬಾಯಲ್ಲಿ ನಿನ್ನ ಹೆಸರು ಬಂದದ್ದು ಅದೇ ಮೊದಲು. ನೀನು ಪೋರ್ಟ್ಸ್‌ಮತ್‌ನಲ್ಲಿ ಕೋವಿಗಳಿಗೆ ಮರದ ಹಿಡಿ ಕೆತ್ತುತ್ತೀ ಎಂದು ಯಾರೋ ಹೇಳಿದ್ದನ್ನು ಅವಳು ಕೇಳಿಸಿಕೊಂಡಿದ್ದಳಂತೆ.

ಕೋವಿ ಯಾವುದೆಂದು ನಿನಗೆ ಗೊತ್ತೇ ಇದೆ. ಅಪ್ಪನ ಚಕಮಕಿ ಕೋವಿ. ಆನ್ಸೆಲ್ ಸತ್ತ ದಿನ ನೀನು ಬಂಡೆಗೆ ಬಡಿದು ಹಿಡಿಯ ಕತ್ತು ಮುರಿದದ್ದು. ಅಮ್ಮ ಅದನ್ನು ಕೌದಿಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ ಮೇಲೆ ನಾವು ಯಾರೂ ಮುಟ್ಟಿಲ್ಲ. ಹಲಗೆ ನೀರಿನ ಊಟೆಯ ಪಕ್ಕದ ಚೆರ್ರಿ ಮರದ್ದು. ಅಪ್ಪ ಇದ್ದಾಗಲೇ ಕುಯ್ಯಿಸಿ ನೆರಳಲ್ಲಿ ಒಣಗಿಸಿದ್ದ. ಎರಡನ್ನೂ ಲೇಫ್ ನಾಳೆ ರೈಲಿಗೆ ಹಾಕುತ್ತಾನೆ.

ಅಮ್ಮ ನಿನ್ನನ್ನು ಕ್ಷಮಿಸಿ ಹೋದಳು ಎಂದೇ ನಾನು ತಿಳಿದಿದ್ದೇನೆ. ನೀನೂ ಹಾಗೇ ತಿಳಿ.

ನಿನ್ನ ಅಕ್ಕ,
ಓರ್ಲೀನಾ

ನನ್ನದೊಂದು ಸಾಲು: ನಿನ್ನಕ್ಕನಿಗೆ ಅಕ್ಷರ ಬಾರದು, ಬಾಯಿ ಮಾತ್ರ ಕುದುರೆ ಓಟ. ನಾನು ಬರೆದು ಮುಗಿಸುವಷ್ಟರಲ್ಲಿ ಮೂರು ಮಾತು ಮುಂದೆ ಹೋಗಿರುತ್ತಾಳೆ. ನಿನ್ನ ಕಾಗದ ಬಂದರೂ ಓದಿ ಹೇಳುವವನು ನಾನೇ. ಬರೆ. ಲೇಫ್.


ಪೋರ್ಟ್ಸ್‌ಮತ್, ಒಹಾಯೋ
ಫೆಬ್ರವರಿ ೬, ೧೯೨೭

ಅಕ್ಕಾ,

ಪೆಟ್ಟಿಗೆ ಬಂತು. ಕಾಗದದಲ್ಲಿ ಅಮ್ಮ ನನ್ನ ಹೆಸರು ಹೇಳಿದಳು ಎಂಬ ಸಾಲನ್ನು ಎಷ್ಟು ಸಲ ಓದಿದೆನೋ, ಕಾಗದದ ಮಡಿಕೆ ಹರಿದೇ ಹೋಯಿತು. ತಂತಿ ಕೊಟ್ಟಿದ್ದರೂ ನಾನು ಬರುತ್ತಿರಲಿಲ್ಲ. "ನನ್ನ ಕಣ್ಣಿಗೆ ಬೀಳ್ಬೇಡ" ಎಂದು ಜೋಳದ ರೊಟ್ಟಿ ಕಟ್ಟಿಕೊಟ್ಟು ಕಳಿಸಿದವಳ ಹೆಣದ ಮುಂದೆ ಯಾವ ಮುಖ ಹೊತ್ತು ನಿಲ್ಲಲಿ? ತಮ್ಮನನ್ನು ಕೊಂದವನು ನಾನು. ಅವಳು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ.

ತಮ್ಮನ ಜೀವ ತೆಗೆದವನು ಕೋವಿಯ ಕೆಲಸವನ್ನೇ ಹಿಡಿದನಲ್ಲ ಎಂದು ನಿನಗೆ ಆಶ್ಚರ್ಯವಾದೀತು. ನಾನು ಮರ ಮಾತ್ರ ಮುಟ್ಟುತ್ತೇನೆ. ಮದ್ದು, ಗುಂಡು ಮುಟ್ಟಿ ಹತ್ತೊಂಬತ್ತು ವರ್ಷವಾಯಿತು. ಹಿಡಿ ಮುಗಿದ ಮೇಲೆ ಹಾರಿಸಿ ನೋಡುವವನು ಅಂಗಡಿಯ ಯಜಮಾನ. ಆ ಹೊತ್ತಿಗೆ ನಾನು ನದಿಯ ಕಡೆ ನಡೆದುಬಿಡುತ್ತೇನೆ. ಇಲ್ಲಿನ ಮುದುಕರಿಗೆ ಇದು ಗೊತ್ತು. "ಟಾಲಿವರ್ ಕೋವಿಗೆ ಅಂಗಿ ಹೊಲೀತಾನೆ, ಅದರ ಜೊತೆ ಮಾತಾಡಲ್ಲ" ಎಂದು ನಗುತ್ತಾರೆ.

ಹಲಗೆಯನ್ನು ನೋಡಿದೆ. ಎಂಥ ಮರ ಅಕ್ಕಾ! ಇಲ್ಲಿ ಎಲ್ಲರೂ ಪಟ್ಟೆ ಬಿದ್ದ ಮೇಪಲ್ ಬೇಕು ಅನ್ನುತ್ತಾರೆ, ಹೊಳೆಯುತ್ತದಂತೆ. ನನ್ನನ್ನು ಕೇಳಿದರೆ ಚೆರ್ರಿಯೇ ಸರಿ. ಉಳಿಗೆ ಬೆಣ್ಣೆಯಂತೆ ಬಗ್ಗುತ್ತದೆ, ಆದರೆ ಅಂಚು ಉದುರುವುದಿಲ್ಲ. ಹೆಗಲಿಗೊರಗುವ ಬುಡದಿಂದ ನಳಿಗೆಯ ಬಾಯಿಯವರೆಗೂ ಒಂದೇ ಹಲಗೆ ಸಾಲುತ್ತದೆ, ಒಂದು ತುದಿಯಲ್ಲಿ ಮರದ ಅಂಟು ಒಸರಿದ ಗೆರೆಯೊಂದಿದೆ, ಅದನ್ನು ಬುಡದ ಕಡೆ ಬಿಡುತ್ತೇನೆ. ಹೊಸದಾಗಿ ಹೆರೆದಾಗ ಮಗುವಿನ ಅಂಗಾಲಿನಂತೆ ತಿಳಿ ಕೆಂಪು. ಬೂದಿನೀರು ಬಳಿದು ಬಿಸಿಲಿಗೆ ಇಟ್ಟರೆ ಒಂದು ವಾರದಲ್ಲಿ ಬಣ್ಣ ಏರುತ್ತದೆ.

ಕೌದಿಯನ್ನು ಇನ್ನೂ ಬಿಚ್ಚಿಲ್ಲ. ಹೊರಗಿನಿಂದ ಮುಟ್ಟಿ ನೋಡಿದೆ, ಮುರಿದ ಕತ್ತು ಕೈಗೆ ಸಿಕ್ಕಿತು, ಬಿಟ್ಟುಬಿಟ್ಟೆ. ಅಮ್ಮ ಹೇಳಿದ್ದಾಳೆ, ಮಾಡುತ್ತೇನೆ. ಸ್ವಲ್ಪ ದಿನ ಕೊಡು.

ಲೇಫ್ ಭಾವನಿಗೆ ನಮಸ್ಕಾರ. ಅಷ್ಟು ಭಾರದ ಪೆಟ್ಟಿಗೆಯನ್ನು ನಿಲ್ದಾಣದವರೆಗೆ ಹೊತ್ತಿದ್ದಕ್ಕೆ ಋಣಿ.

ನಿನ್ನ ತಮ್ಮ,
ಟಾಲಿವರ್


ಪೋರ್ಟ್ಸ್‌ಮತ್
ಮಾರ್ಚ್ ೩

ಅಕ್ಕಾ, ನಾನಲ್ಲ!

ಕೇಳಿಸಿತೇ? ಆನ್ಸೆಲ್‌ನನ್ನು ಕೊಂದವನು ನಾನಲ್ಲ. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾಗಿವೆ. ಮೊದಲಿನಿಂದ ಹೇಳುತ್ತೇನೆ.

ಈ ಬೆಳಿಗ್ಗೆ ಕೌದಿ ಬಿಚ್ಚಿದೆ. ಹಳೆಯ ಹಿಡಿಯಿಂದ ನಳಿಗೆ ಬಿಡಿಸುವ ಮುಂಚೆ ಈಡು ಜಡಿಯುವ ಗಜದ ಕಡ್ಡಿಯನ್ನು ಒಳಗೆ ಇಳಿಬಿಡುವುದು ನಮ್ಮ ಕಸುಬಿನ ಮೊದಲ ಪಾಠ. ಖಾಲಿ ನಳಿಗೆಯಾದರೆ ಕಡ್ಡಿ ಬುಡದಲ್ಲಿ ಬೆಂಕಿ ಒಳಹೋಗುವ ಕಿವಿತೂತಿನವರೆಗೂ ಇಳಿಯಬೇಕು. ಇಳಿಯಲಿಲ್ಲ. ಮೂರು ಬೆರಳು ಮೇಲೆಯೇ ನಿಂತಿತು. ತುಕ್ಕಿರಬೇಕು ಎಂದುಕೊಂಡು ಮತ್ತೆ ಕುಟ್ಟಿದೆ. ಟಪ್ ಎಂದು ಮೆತ್ತಗೆ ಸದ್ದಾಯಿತು. ಸೀಸದ ಸದ್ದು, ಅಕ್ಕಾ. ಒಳಗೆ ಮದ್ದುಗುಂಡಿನ ಈಡು ಹಾಗೇ ಇತ್ತು.

ನಾನು ಮನೆ ಬಿಟ್ಟ ಮೇಲೆ ಯಾರೋ ತುಂಬಿರಬೇಕು ಎಂದುಕೊಂಡೆ. ಮುರಿದ ಕೋವಿಗೆ ಯಾವ ಮೂರ್ಖ ಈಡು ತುಂಬುತ್ತಾನೆ? ನೀರು ಹೊಯ್ದು ಮದ್ದನ್ನು ಸಾಯಿಸಿ, ತಿರುಪು ಇಳಿಸಿ ಗುಂಡನ್ನು ಎಳೆದೆ. ಬೆಳ್ಳಗೆ ಬೂಷ್ಟು ಹಿಡಿದ ಗುಂಡು, ಅದಕ್ಕೆ ಸುತ್ತಿದ ಬಟ್ಟೆಯ ಚೂರಿನ ಸಮೇತ ಬಂತು. ಕೊಬ್ಬು ಸವರಿದ್ದರಿಂದ ಬಟ್ಟೆ ಕೊಳೆತಿರಲಿಲ್ಲ. ನೀಲಿ ಚೌಕಳಿ.

ಅಕ್ಕಾ, ಅದು ಆನ್ಸೆಲ್‌ನ ಅಂಗಿ. ಆ ಬೆಳಿಗ್ಗೆ ಈಡು ತುಂಬುವಾಗ ನನ್ನ ಹತ್ತಿರ ಸುತ್ತಲು ಬಟ್ಟೆ ಇರಲಿಲ್ಲ. ಅವನು ಅಂಗಿಯ ಹಿಂದಿನ ತುದಿ ಎಳೆದು ಹಿಡಿದು, "ಕತ್ತರ್ಸ್ಕೋ ಮಾರಾಯ. ಅಮ್ಮ ಕೇಳಿದ್ರೆ ಕರಡಿ ಕಚ್ತು ಅಂತೀನಿ" ಅಂದ. ನಾನೇ ಕತ್ತರಿಸಿದೆ, ನಾನೇ ತುಂಬಿದೆ. ಆ ಈಡು ನಳಿಗೆ ಬಿಟ್ಟು ಹೋಗಲೇ ಇಲ್ಲ!

ಆ ದಿನ ಮಂಜು ಇತ್ತಲ್ಲ. ಪೊದೆಯ ಈಚೆ ನಾನು, ಆಚೆ ಲೇಫ್, ನಾಯಿಗಳ ಹಿಂದೆ ಬರಿಗೈಯಲ್ಲಿ ಆನ್ಸೆಲ್. ಕರಡಿ ನುಗ್ಗಿತು. ನಾನು ಕೋವಿಯ ಕುದುರೆ ಎಳೆದೆ, ಕಿವಿತೂತಿನ ಹೊರಗಿನ ಬಟ್ಟಲಿನ ಮದ್ದು ಕಣ್ಣ ಮುಂದೆ ಭಗ್ಗೆಂದಿತು, ಢಂ ಎಂದಿತು, ಹೊಗೆ. ಹೊಗೆ ಸರಿದಾಗ ಆನ್ಸೆಲ್ ಬಿದ್ದಿದ್ದ. ಒಂದೇ ಸದ್ದು ಕೇಳಿದ್ದು, ಅದು ನನ್ನದೇ ಎಂದುಕೊಂಡೆ. ನಾನೇ ಕೂಗಿಕೊಂಡೆ, ನಾನೇ ಒಪ್ಪಿಕೊಂಡೆ, ಗುಂಡು ಅವನ ಮೈಯಿಂದ ಆಚೆ ಹೋಗಿತ್ತು, ಹುಡುಕಿದವರೂ ಇಲ್ಲ. ಹೆಗಲಿಗೆ ಕೋವಿಯ ಒದೆತ ಬಿದ್ದ ನೆನಪು ನನಗೆ ಎಂದೂ ಇರಲಿಲ್ಲ. ಗಾಬರಿಯಲ್ಲಿ ಮರೆತಿರಬೇಕು ಎಂದು ಇಷ್ಟು ವರ್ಷ ಅಂದುಕೊಂಡೆ. ಒದೆತ ಇದ್ದರಲ್ಲವೇ ನೆನಪಿರುವುದು! ಈಗ ಕಿವಿತೂತು ನೋಡಿದೆ, ಕೊಬ್ಬು ಮೆತ್ತಿ ಮುಚ್ಚಿಹೋಗಿದೆ. ಹೊರಗೆ ಉರಿದ ಬೆಂಕಿ ಒಳಕ್ಕೆ ಹೋಗಲೇ ಇಲ್ಲ.

ಬಟ್ಟೆಯ ಚೂರನ್ನು ಇದರೊಳಗೆ ಇಟ್ಟಿದ್ದೇನೆ. ಅಮ್ಮ ಆ ಅಂಗಿಯನ್ನು ಉಳಿಸಿಕೊಂಡಿದ್ದರೆ ಇಟ್ಟು ನೋಡು. ನಾನಲ್ಲ, ಅಕ್ಕಾ. ಬೀದಿಗೆ ಹೋಗಿ ಕಂಡಕಂಡವರಿಗೆ ಹೇಳಬೇಕು ಅನ್ನಿಸುತ್ತಿದೆ.

ಟಾಲಿವರ್


ಪೋರ್ಟ್ಸ್‌ಮತ್
ಮಾರ್ಚ್ ೪

ಅಕ್ಕಾ,

ನಿನ್ನೆಯ ಕಾಗದ ಬಂದಿದ್ದರೆ ಒಡೆಯಬೇಡ. ಒಲೆಗೆ ಹಾಕು. ಇದು ಅದಕ್ಕಿಂತ ಮೊದಲು ತಲುಪಲಿ ಎಂದು ಬೆಳಿಗ್ಗೆಯೇ ಓಡಿ ಹೋಗಿ ಅಂಚೆಗೆ ಹಾಕುತ್ತಿದ್ದೇನೆ.

ಖುಷಿಯಲ್ಲಿ ಬುದ್ಧಿ ಕೆಟ್ಟಿತ್ತು. ಬೆಂಕಿಯಿಲ್ಲದೆ ಹೊಗೆಯಾಡದು ಅನ್ನುತ್ತಾರೆ. ಹೊಗೆ ನನ್ನದು, ಸರಿ. ಬೆಂಕಿ ಯಾರದು ಎಂದು ಯೋಚಿಸದೆ ಬರೆದುಬಿಟ್ಟೆ. ಅಲ್ಲಿ ಇದ್ದದ್ದು ಎರಡೇ ಕೋವಿ. ನಿನಗೆ ಕಾಗದ ಓದಿ ಹೇಳುವವನು ಯಾರೆಂಬುದೂ ನಿನ್ನೆ ನನ್ನ ತಲೆಗೆ ಹೊಳೆಯಲಿಲ್ಲ. ದೇವರೇ, ನಾನೇನು ಮಾಡಿಬಿಟ್ಟೆ!

ಟಾಲಿವರ್


ಕೋಲ್ಡ್ ಸ್ಪ್ರಿಂಗ್ ಕಣಿವೆ
ಮಾರ್ಚ್ ೧೭

ತಮ್ಮಾ,

ಇದನ್ನು ಬರೆಯುತ್ತಿರುವವಳು ನನ್ನ ಮಗಳು ಡೆಸ್ಸಿ. ನೀನು ಅವಳನ್ನು ನೋಡಿಲ್ಲ. ಇನ್ನು ಮೇಲೆ ನಮ್ಮ ಮನೆಯ ಕಾಗದ ಅವಳೇ ಬರೆಯುತ್ತಾಳೆ, ಅವಳೇ ಓದುತ್ತಾಳೆ.

ನಿನ್ನ ಎರಡನೆಯ ಕಾಗದ ಹಿಂದೆಯೇ ಉಳಿಯಿತು. ಮೊದಲನೆಯದು ಬಂದಾಗ ನಾವು ಊಟಕ್ಕೆ ಕೂತಿದ್ದೆವು. ಲೇಫ್ ಕನ್ನಡಕ ಹಾಕಿಕೊಂಡು "ಅಕ್ಕಾ, ನಾನಲ್ಲ" ಎಂದು ಓದಿ ನಿಲ್ಲಿಸಿದ.

"ಏನು ನಾನಲ್ಲ? ಓದು ಮುಂದೆ" ಅಂದೆ.

ಅವನು ಡೆಸ್ಸಿಯ ಮುಖ ನೋಡಿದ. ನನ್ನ ಮುಖ ನೋಡಿದ. ಆಮೇಲೆ ಓದಿದ. ಒಂದಕ್ಷರ ಬಿಡಲಿಲ್ಲ, ಟಾಲಿ. ಬೇಕಿದ್ದರೆ ಏನು ಬೇಕಾದರೂ ಹೇಳಬಹುದಿತ್ತು, ನನಗೇನು ತಿಳಿಯುತ್ತಿತ್ತು? ಪೊದೆಯ ಈಚೆ ನಾನು, ಆಚೆ ಲೇಫ್ ಎಂದು ತನ್ನ ಹೆಸರನ್ನೂ ತಾನೇ ಓದಿದ. ಬಟ್ಟೆಯ ಚೂರು ಜೋಳದ ರೊಟ್ಟಿಯ ಪಕ್ಕದಲ್ಲಿ ಬಿತ್ತು. ಕಾಗದ ಮಡಿಚಿ ನನ್ನ ಮುಂದೆ ಇಟ್ಟು, "ಅವ್ನು ಹೇಳ್ತಿರೋದು ನಿಜ. ಹಾರಿದ್ದು ನನ್ನ ಕೋವಿ" ಅಂದ.

ಆಮೇಲೆ ನಾನು ಮಾಡಿದ್ದು ಪೂರ್ತಿ ನೆನಪಿಲ್ಲ. ಕಾಫಿಯ ಪಾತ್ರೆ ಅವನ ಮೇಲೆ ಎಸೆದೆನಂತೆ, ಗೋಡೆಗೆ ಬಡಿಯಿತಂತೆ. "ಯಾವಾಗಿಂದ ಗೊತ್ತು ನಿನಗೆ?" ಎಂದು ಕಿರುಚಿದ್ದು ನೆನಪಿದೆ. "ಮಣ್ಣು ಮಾಡಿದ ದಿನದಿಂದ" ಅಂದ. ಅಷ್ಟೇ. ಮುಂದೆ ಎಷ್ಟು ಕೇಳಿದರೂ ತುಟಿ ಬಿಚ್ಚಲಿಲ್ಲ.

ಅಮ್ಮನ ಪೆಟ್ಟಿಗೆಯಲ್ಲಿ ಆ ಅಂಗಿ ಇತ್ತು. ಒಗೆದು ಮಡಿಚಿಟ್ಟಿದ್ದಳು. ಹಿಂದಿನ ತುದಿಯಲ್ಲಿ ಒಂದು ಚೂರು ಇರಲಿಲ್ಲ. ಇಟ್ಟು ನೋಡಿದೆ. ಚೌಕಳಿಯ ಗೆರೆಗೆ ಗೆರೆ ಸೇರಿತು.

ನಿನ್ನ ಎರಡನೆಯ ಕಾಗದವನ್ನು ಅಂಚೆಯಿಂದ ತಂದವನೂ ಲೇಫೇ. ಒಡೆಯದೆ ಡೆಸ್ಸಿಯ ಕೈಗೆ ಕೊಟ್ಟ. ಅವನೀಗ ಹೊಗೆಸೊಪ್ಪಿನ ಕೊಟ್ಟಿಗೆಯಲ್ಲಿ ಮಲಗುತ್ತಾನೆ. ನಾನೇ ಹೋಗು ಅಂದೆ. ಊಟ ಡೆಸ್ಸಿ ಒಯ್ಯುತ್ತಾಳೆ. ಇಷ್ಟು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದವನು ಯಾರು ಎಂದು ಈಗ ಕೇಳಿಕೊಳ್ಳುತ್ತಿದ್ದೇನೆ. ನುಂಗಲೂ ಆಗುತ್ತಿಲ್ಲ, ಉಗುಳಲೂ ಆಗುತ್ತಿಲ್ಲ.

ಅನ್ಯಾಯವಾಗಿದ್ದು ನಿನಗೆ. ನೀನೇ ಹೇಳು. ಇವನನ್ನು ಮನೆಯಿಂದ ಕಳಿಸಲೇ? ನೀನು ಹೂಂ ಅಂದರೆ ನಾಳೆಯೇ ಕಳಿಸುತ್ತೇನೆ.

ಓರ್ಲೀನಾ


ಪೋರ್ಟ್ಸ್‌ಮತ್
ಏಪ್ರಿಲ್ ೨

ಅಕ್ಕಾ,

ನಾಲ್ಕು ಸಲ ಬರೆದು ಹರಿದೆ. ಕಳಿಸು ಎಂದು ಬರೆದಾಗಲೆಲ್ಲ ಮನೆಯಿಂದ ಹೊರಬಿದ್ದವನ ಬದುಕು ಹೇಗಿರುತ್ತದೆಂಬುದು ಕಣ್ಣ ಮುಂದೆ ಬಂತು. ನಾನು ಮದುವೆಯಾಗಲಿಲ್ಲ. ಕೇಳಿದ ಹೆಂಗಸೊಬ್ಬಳಿದ್ದಳು, ಕೊಲೆಗಾರನಿಗೆ ಮನೆ ಯಾಕೆ ಎಂದು ನಾನೇ ದೂರ ಸರಿದೆ. ಅವಳು ಈಗ ಬೇರೆಯವನ ಮಕ್ಕಳ ತಾಯಿ. ಇದನ್ನು ಡೆಸ್ಸಿ ಲೇಫ್‌ಗೆ ಓದಿ ಹೇಳಲಿ.

ಗುಂಡು ತಪ್ಪಿದ್ದಕ್ಕೆ ನನಗೆ ಸಿಟ್ಟಿಲ್ಲ. ಮಂಜಿನಲ್ಲಿ ಯಾರ ಕೈಯೂ ತಪ್ಪಬಹುದು, ನನ್ನ ಕೋವಿ ಹಾರಿದ್ದರೆ ನನ್ನದೂ ತಪ್ಪುತ್ತಿತ್ತೇನೋ. ಅಮ್ಮನ ವಿಷಯಕ್ಕೆ ಬಂದರೆ ಮಾತ್ರ ನನ್ನ ರಕ್ತ ಕುದಿಯುತ್ತದೆ. ನಾನೇ ಕೊಂದೆ ಎಂದು ನಂಬಿಕೊಂಡು ಅವಳು ಸತ್ತಳು. ದಿನವೂ ಅವಳ ಎದುರಿಗೆ ಕೂತು ಅವಳು ಬಡಿಸಿದ್ದನ್ನು ಉಂಡವನು ಒಂದೇ ಒಂದು ಮಾತು ಹೇಳಿದ್ದರೆ ಅವಳು ಮಗನನ್ನು ಕರೆಸಿಕೊಳ್ಳುತ್ತಿದ್ದಳು. ಅದನ್ನು ಹೇಗೆ ಬಿಡಲಿ?

ಹಿಡಿ ಅರ್ಧಕ್ಕೆ ನಿಂತಿದೆ. ನಳಿಗೆಗೆ ದೀಪದ ಮಸಿ ಬಳಿದು ಮರಕ್ಕೊತ್ತಿ, ಮಸಿ ತಾಗಿದ ಕಡೆಯೆಲ್ಲ ಕೆತ್ತುತ್ತ ಹೋಗಬೇಕು. ಒತ್ತಿದಾಗಲೆಲ್ಲ ಸಿಟ್ಟು ಬರುತ್ತದೆ, ಸಿಟ್ಟಿನಲ್ಲಿ ಚೆರ್ರಿಗೆ ಉಳಿ ಇಟ್ಟರೆ ಮರ ಕೆಡುತ್ತದೆ.

ನನ್ನ ತೀರ್ಪು ಇಷ್ಟು. ಗೋರಿಗಳಿಗೆ ಹೂವಿಡುವ ಭಾನುವಾರ ನೆಂಟರಿಷ್ಟರೆಲ್ಲ ಗುಡ್ಡದ ಮೇಲೆ ಸೇರುತ್ತಾರಲ್ಲ, ಎಲ್ಲರೂ ಊಟಕ್ಕೆ ಕೂತಾಗ ಲೇಫ್ ಅಮ್ಮನ ಗೋರಿಯ ಮುಂದೆ ನಿಲ್ಲಲಿ. ಅವಳಿಗೆ ಹೇಳಲಿ, ಎಲ್ಲರಿಗೂ ಕೇಳುವಂಥ ದನಿಯಲ್ಲಿ. ಆಮೇಲೆ ಅವನನ್ನು ಇಟ್ಟುಕೊಳ್ಳುವುದು ಬಿಡುವುದು ನಿನಗೆ ಬಿಟ್ಟದ್ದು.

ಟಾಲಿವರ್


ಕೋಲ್ಡ್ ಸ್ಪ್ರಿಂಗ್ ಕಣಿವೆ
ಏಪ್ರಿಲ್ ೨೦

ತಮ್ಮಾ,

ಇದನ್ನು ಕೂತುಕೊಂಡು ಓದು.

ನಿನ್ನ ಕಾಗದವನ್ನು ಡೆಸ್ಸಿ ಕೊಟ್ಟಿಗೆಯಲ್ಲೇ ಓದಿದಳು. ಲೇಫ್ ತಲೆ ತಗ್ಗಿಸಿ ಕೇಳಿದ. "ಊರ ಮುಂದೆ ನಿಂತು ಹೇಳ್ತೀನಿ. ಇಗರ್ಜಿಯಲ್ಲಿ ಹೇಳು ಅಂದ್ರೂ ಹೇಳ್ತೀನಿ. ಅಮ್ಮಂಗೆ ಹೇಳೋಕೆ ಮಾತ್ರ ನನ್ನ ಹತ್ರ ಏನೂ ಇಲ್ಲ" ಅಂದ.

ನನಗೆ ಮೈಯೆಲ್ಲ ಉರಿಯಿತು. "ಅಷ್ಟು ಸೊಕ್ಕಾ ನಿನಗೆ?" ಅಂದೆ.

"ಸೊಕ್ಕಲ್ಲ ಓರ್ಲಿ. ಅವ್ಳಿಗೆ ಗೊತ್ತಿತ್ತು."

ನಾನು ನಂಬಲಿಲ್ಲ. ಆಮೇಲೆ ಅವನು ಬಿಡಿಸಿ ಹೇಳಿದ. ಆನ್ಸೆಲ್‌ನನ್ನು ಮಣ್ಣು ಮಾಡಿ ಬಂದ ಸಂಜೆ, ನೀನು ಹೊರಟುಹೋದ ಮೇಲೆ, ಅಮ್ಮ ಇವನನ್ನು ಕೊಟ್ಟಿಗೆಗೆ ಕರೆದಳಂತೆ. ಗಜದ ಕಡ್ಡಿ ಇಳಿಸಿ ನೋಡದೆ ಯಾವ ಕೋವಿಯನ್ನೂ ಹೊಸ್ತಿಲು ದಾಟಿಸುವವಳಲ್ಲ ಅವಳು, ನಿನಗೇ ಗೊತ್ತಲ್ಲ. ಅಂದೂ ಇಳಿಸಿದ್ದಳು. ಇವನ ಕೈಗೆ ಕಡ್ಡಿ ಕೊಟ್ಟು, "ನೀನೂ ನೋಡು" ಅಂದಳಂತೆ. ಅದುವರೆಗೆ ಇವನು ಎರಡೂ ಕೋವಿ ಒಟ್ಟಿಗೆ ಹಾರಿದವು, ತಗುಲಿದ್ದು ನಿನ್ನದು ಎಂದೇ ನಂಬಿದ್ದನಂತೆ, ಇಲ್ಲವೇ ನಂಬಬೇಕು ಎಂದುಕೊಂಡಿದ್ದನಂತೆ. ಕಡ್ಡಿ ಮೇಲೆ ನಿಂತದ್ದು ಕಂಡು, "ಈಗ್ಲೇ ಓಡಿ ಹೋಗಿ ಟಾಲೀನ ಕರ್ಕೊಂಡು ಬರ್ತೀನಿ" ಎಂದನಂತೆ.

ಅಮ್ಮ ಬಿಡಲಿಲ್ಲ. ಅವಳು ಆಡಿದ ಮಾತನ್ನು ಅವನು ಹೇಳಿದ ಹಾಗೆಯೇ ಬರೆಸುತ್ತೇನೆ.

"ಒಬ್ಬ ಮಣ್ಣಲ್ಲಿದಾನೆ. ಇನ್ನೊಬ್ಬ ಹೋದ, ಅವ್ನಿಗೆ ಕೈಕಾಲು ಗಟ್ಟಿ ಇದೆ, ಎಲ್ಲೋ ಬದುಕ್ಕೋತಾನೆ. ಓರ್ಲಿ ಹೊಟ್ಟೇಲಿ ನಿನ್ನ ಕೂಸಿದೆ. ನನ್ನ ಕಣ್ಣಿಗೆ ಕಾಣಲ್ವಾ ಅದು? ನೀನು ಬಾಯಿ ಬಿಟ್ರೆ ನನ್ನ ಮಗನ್ನ ಕೊಂದವನ ಜೊತೆ ನನ್ನ ಮಗಳ ಮದ್ವೆ ಹೆಂಗೆ ಮಾಡ್ಲಿ ನಾನು? ಬಾಯ್ಮುಚ್ಕೊಂಡು ಮದ್ವೆ ಆಗು. ಆ ಈಡನ್ನ ಮಾತ್ರ ತೆಗೀಬೇಡ. ನಾನು ಸತ್ತ ಮೇಲೆ ಅದು ಹಂಗೇ ಅವ್ನ ಕೈ ಸೇರ್ಲಿ."

ಮದುವೆಗೆ ಮುಂಚೆ ನಾನು ಬಸುರಿ ಎಂಬುದು ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದೆ. ಅಮ್ಮ ಒಂದು ದಿನವೂ ನನ್ನನ್ನು ಕೇಳಲಿಲ್ಲ.

ಸಾಯುವಾಗ ಕೋವಿ ಕಳಿಸು ಎಂದದ್ದು ಕ್ಷಮೆಯಲ್ಲ, ಟಾಲಿ. ನೀನು ಕೌದಿ ಬಿಚ್ಚುತ್ತೀ, ಕಡ್ಡಿ ಇಳಿಸುತ್ತೀ ಎಂದು ಅವಳಿಗೆ ಗೊತ್ತಿತ್ತು. ಆ ಕಾಗದ ಬರೆದವನೂ ಪೆಟ್ಟಿಗೆ ಹೊತ್ತವನೂ ಏನಾಗುತ್ತದೆಂದು ಗೊತ್ತಿದ್ದೇ ಮಾಡಿದ. ಬಾಯಲ್ಲಿ ಹೇಳುವ ಧೈರ್ಯ ಮಾತ್ರ ಇಬ್ಬರಿಗೂ ಇರಲಿಲ್ಲ.

ನಾನು ಯಾರ ಮೇಲೆ ಕೂಗಾಡಲಿ? ಗೋರಿಯ ಮೇಲೋ?

ಓರ್ಲೀನಾ

ಮಾವ, ಅಮ್ಮ ಹೇಳಿದ್ದನ್ನೆಲ್ಲ ಬರೆದೆ, ಹೊಟ್ಟೆಯ ಕೂಸು ಎಂದದ್ದನ್ನೂ. ಆ ಕೂಸು ನಾನು. ನಿಮ್ಮ ಮನೆಯಲ್ಲಿ ನಿಮ್ಮ ಜಾಗದಲ್ಲಿ ಬೆಳೆದವಳು. ಡೆಸ್ಸಿ.


ಪೋರ್ಟ್ಸ್‌ಮತ್
ಮೇ ೮

ಅಕ್ಕಾ,

ಕಾಗದ ಬಂದ ಮೇಲೆ ಒಂದು ವಾರ ಅಂಗಡಿಗೆ ಹೋಗಲಿಲ್ಲ. ಯಜಮಾನ ಮನೆಗೇ ಬಂದು, "ಯಾರಾದ್ರೂ ತೀರ್ಕೊಂಡ್ರೇನಯ್ಯಾ?" ಎಂದು ಕೇಳಿದ. ಹೌದು ಅಂದೆ.

ಅಮ್ಮ ನನ್ನನ್ನು ಕಳೆದುಕೊಂಡಳಲ್ಲಾ, ನನ್ನಿಂದ ಅವಳಿಗೆ ಇಬ್ಬರು ಗಂಡುಮಕ್ಕಳೂ ಇಲ್ಲದಂತಾಯಿತಲ್ಲಾ ಎಂದು ಅವಳಿಗಾಗಿ ಎಷ್ಟು ಅತ್ತಿದ್ದೇನೆ. ಅವಳು ಕಳೆದುಕೊಳ್ಳಲಿಲ್ಲ. ಕೊಟ್ಟುಬಿಟ್ಟಳು. ನಿನ್ನ ಸಂಸಾರಕ್ಕೆ ನನ್ನನ್ನು ಕೊಟ್ಟಳು. ಬೇರೆ ಏನು ಮಾಡಬಹುದಿತ್ತು ಎಂದು ಯೋಚಿಸಿದೆ, ಹೊಳೆಯಲಿಲ್ಲ. ಆದರೂ ನನ್ನನ್ನು ಒಂದು ಮಾತು ಕೇಳಬಹುದಿತ್ತು. ಕೇಳಿದ್ದರೆ ಒಪ್ಪುತ್ತಿದ್ದೆನೋ ಏನೋ. ಕೇಳಲಿಲ್ಲವಲ್ಲ ಎಂಬುದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

ಲೇಫ್‌ನನ್ನು ಒಳಗೆ ಕರೆ. ಕ್ಷಮಿಸಿದೆ ಎಂದು ಬರೆಯುತ್ತಿಲ್ಲ, ಕೊಟ್ಟಿಗೆಯಲ್ಲಿ ಮಲಗಿಸಬೇಡ ಎನ್ನುತ್ತಿದ್ದೇನೆ. ಅವನು ಯಾರ ಮುಂದೆಯೂ ನಿಂತು ಏನೂ ಹೇಳಬೇಕಾಗಿಲ್ಲ. ನಾನು ಬಂದಾಗ ನನಗೆ ಹೇಳಲಿ.

ಡೆಸ್ಸಿಗೆ ಹೇಳು, ಹೊಟ್ಟೆಯಲ್ಲಿದ್ದ ಕೂಸಿನದು ಯಾವ ತಪ್ಪೂ ಇಲ್ಲ. ಅವಳು ತೋಳು ಮಡಿಸಿ, ಮೊಣಕೈಯಿಂದ ತೋರುಬೆರಳಿನವರೆಗೆ ದಾರ ಹಿಡಿದು ಅಳೆದು ಕಳಿಸಲಿ. ಹಿಡಿಯನ್ನು ಅವಳ ಹೆಗಲಿಗೆ ಸರಿಯಾಗಿ ಕೆತ್ತುತ್ತೇನೆ. ಯಾವ ಕೈಯಲ್ಲಿ ಹಾರಿಸುತ್ತಾಳೆ ಎಂದೂ ಬರೆಯಲಿ, ಕೆನ್ನೆ ಒರಗುವ ಬದಿ ಅದಕ್ಕೆ ತಕ್ಕಂತೆ ಬರಬೇಕು.

ಹೂವಿಡುವ ಭಾನುವಾರಕ್ಕೆ ಬರುತ್ತೇನೆ. ಆನ್ಸೆಲ್‌ಗೆ ಹೂ ನಾನೇ ತರುತ್ತೇನೆ. ಅಮ್ಮನಿಗೆ ನೀನು ಇಡು, ಅಕ್ಕಾ. ನಾನು ಪಕ್ಕದಲ್ಲಿ ನಿಂತಿರುತ್ತೇನೆ. ಈ ವರ್ಷ ನನ್ನ ಕೈಯಿಂದ ಅಷ್ಟೇ ಆಗುವುದು.

ನಿನ್ನ ತಮ್ಮ,
ಟಾಲಿವರ್